ಅವನನ್ನು ಯಾರೂ ಕೇಳಲಿಲ್ಲ

ಭಾನುವಾರ ತೀರ್ಥಹಳ್ಳಿ ಹತ್ತಿರ ನೆಂಟರ ಮನೆಯಲ್ಲಿ ಸೀಮಂತ ಇತ್ತು. ಹೋಗಿ ಬಂದು ಮೂರು ದಿನ ಆಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ. ಓದಿ, ಮನೆಯ ಗಂಡಸರಿಗೂ ಓದಿಸಿ.

ಮದುವೆಯಾಗಿ ಮೂರು ವರ್ಷ ಆದ ಒಂದು ಹುಡುಗಿ ಅಲ್ಲಿದ್ದಳು. ಯಾರು ಅಂತ ಹುಡುಕಬೇಡಿ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಊಟದ ಹೊತ್ತಿಗೆ ಪಾಯಸದ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಾ ಬಂದಳು. ಒಂದೊಂದು ಎಲೆಯ ಮುಂದೆ ಒಂದೊಂದು ಮಾತು.

"ಎಂತ ಮಾರಾಯ್ತಿ, ಇನ್ನೂ ವಿಶೇಷ ಇಲ್ವನೇ?"

"ಪಪ್ಪಾಯಿ ಮುಟ್ಬೇಡ ಹಾಂ, ಉಷ್ಣ ಅದು."

"ಕುಕ್ಕೆಗೆ ಹೋಗಿ ಬಂದ್ರಾ?"

"ಕೆಲಸ ಬಿಟ್ಬಿಡು. ಓಡಾಟ ಜಾಸ್ತಿ ಆದ್ರೆ ನಿಲ್ಲಲ್ಲ."

ಎಲ್ಲರಿಗೂ ನಕ್ಕು ತಲೆಯಾಡಿಸಿ ಮುಂದೆ ಬಂದಳು. ನನ್ನ ಎಲೆ ಹತ್ತಿರ ಬರುವಾಗ ಕೈಯಲ್ಲಿದ್ದ ಸೌಟು ನಡುಗುತ್ತಿತ್ತು. ಸ್ವಲ್ಪ ಪಾಯಸ ಎಲೆಯ ಹೊರಗೆ ಬಿತ್ತು. "ಸಾರಿ ಅಕ್ಕ" ಅಂದಳು.

ಅವಳ ಗಂಡ ಎದುರಿನ ಪಂಕ್ತಿಯಲ್ಲೇ ಸಾರು ಬಡಿಸುತ್ತಿದ್ದ. ಅವನನ್ನೂ ಎಲ್ಲರೂ ಮಾತಾಡಿಸಿದರು. ಕೊಳೆ ರೋಗ ಹೇಗಿದೆ, ಎಷ್ಟು ಸಲ ಔಷಧಿ ಹೊಡೆಸಿದೆ, ಅಡಿಕೆ ರೇಟು ಏರುತ್ತದಾ ಅಂತ. ಮಗುವಿನ ವಿಷಯ ಒಬ್ಬರೂ ಎತ್ತಲಿಲ್ಲ. ಅದು ಅವನಿಗೆ ಸಂಬಂಧವೇ ಇಲ್ಲದ ವಿಷಯ ಅನ್ನುವ ಹಾಗೆ.

ಊಟ ಆದ ಮೇಲೆ ಹಿತ್ತಲಲ್ಲಿ ಕೈ ತೊಳೆಯುವ ಕಡೆ ಇಬ್ಬರೇ ಸಿಕ್ಕೆವು. ಡಾಕ್ಟರಿಗೆ ತೋರಿಸಿದ್ದೀರಾ ಅಂತ ಕೇಳಿದೆ. ಎಲ್ಲ ಆಗಿದೆಯಂತೆ. ಥೈರಾಯ್ಡ್ ನೋಡಿದ್ದಾರೆ. ಅಂಡ ಬೆಳೆಯುತ್ತದಾ ಅಂತ ನಾಲ್ಕು ತಿಂಗಳು ದಿನ ಬಿಟ್ಟು ದಿನ ಸ್ಕ್ಯಾನಿಂಗ್ ಮಾಡಿದ್ದಾರೆ. ಗರ್ಭನಾಳ ತೆರೆದಿದೆಯಾ ಅಂತ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರಲ್ಲ, ಎಚ್‌ಎಸ್‌ಜಿ, ಅದೂ ಆಗಿದೆ. ಆವತ್ತು ನೋವಿಗೆ ಅತ್ತುಬಿಟ್ಟಳಂತೆ. "ಎಲ್ಲ ನಾರ್ಮಲ್ ಅಕ್ಕ" ಅಂದಳು.

"ಅವನದ್ದು?"

"ಅವರಿಗೆ ಎಂತ ಆಗಿದೆ ಅಕ್ಕ? ಗಟ್ಟಿ ಇದ್ದಾರೆ." ಆಮೇಲೆ ಸ್ವಲ್ಪ ತಡೆದು, "ಡಾಕ್ಟರ್ ಬರ್ಕೊಟ್ಟು ವರ್ಷ ಆಯ್ತು. ಅವರು ಹೋಗಿಲ್ಲ."

ನನ್ನ ಸಿಟ್ಟು ಇದರ ಮೇಲೆ. ಮಗು ಆಗಲು ಇಬ್ಬರು ಬೇಕು ಅಂತ ಎಲ್ಲರಿಗೂ ಗೊತ್ತು. ಆಗದೆ ಹೋದರೆ ಮಾತ್ರ ಒಬ್ಬಳನ್ನೇ ಹಿಡಿದು ಕೂರಿಸುತ್ತೇವೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಪೂರ್ತಿಯಾಗಿಯೋ ಭಾಗಶಃವೋ. ಹೆಣ್ಣಿನ ಪರೀಕ್ಷೆಗೆ ರಕ್ತ, ಸ್ಕ್ಯಾನಿಂಗ್, ನೋವು, ತಿಂಗಳುಗಟ್ಟಲೆ ಓಡಾಟ. ಗಂಡಸಿನ ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ಡಬ್ಬಿ. ಸೂಜಿ ಸಹ ಇಲ್ಲ. ಇಷ್ಟು ಸುಲಭದ್ದನ್ನು ಕೊನೆಗೆ ಇಡುವುದು ಯಾವ ನ್ಯಾಯ?

ನಮ್ಮ ಕಡೆ ರೈತರು ಬತ್ತ ಬಿತ್ತುವ ಮೊದಲು ಬೀಜವನ್ನು ಉಪ್ಪು ನೀರಿಗೆ ಹಾಕುತ್ತಾರೆ. ತೇಲಿದ್ದನ್ನು ತೆಗೆದು ಮುಳುಗಿದ್ದನ್ನು ಇಟ್ಟುಕೊಳ್ಳುತ್ತಾರೆ. ಸಸಿ ಬರದಿದ್ದರೆ ಗದ್ದೆಯನ್ನು ಮಾತ್ರ ಬೈಯುವ ರೈತನನ್ನು ನಾನಂತೂ ನೋಡಿಲ್ಲ. ಭೂಮಿ ಹುಣ್ಣಿಮೆ ದಿನ ಗದ್ದೆಯನ್ನೇ ಬಸುರಿ ಅಂತ ತಿಳಿದು, ಚೀನಿಕಾಯಿ ಕಡುಬು ಮಾಡಿ, ಬೆರಕೆ ಸೊಪ್ಪು ಬೇಯಿಸಿ, ಬಯಕೆ ಊಟ ಹಾಕುವ ಜನ ನಾವು. ಮಣ್ಣಿಗೆ ತೋರಿಸುವ ಅಕ್ಕರೆಯನ್ನು ಮನೆಯ ಸೊಸೆಗೆ ಯಾಕೆ ತೋರಿಸುವುದಿಲ್ಲ?

ನಮ್ಮ ಆರು ವರ್ಷದ ಕಷ್ಟ ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದ ಭಾಗವನ್ನು ಇವತ್ತು ಹೇಳುತ್ತೇನೆ. ನಮ್ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ಒಬ್ಬನಾದ್ರೂ ಹೋದರೆ ಸಾಕು" ಅಂದರು.

ಆಗ ನಾವು ಹೊಸನಗರದಲ್ಲಿ ಇದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಅಂಡಾಣು, ವೀರ್ಯಾಣು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿ, ಸಂಜೆ ಮನೆಗೆ ಬಂದು ಅಶ್ವತ್ಥ ಕಟ್ಟೆ ಸುತ್ತುತ್ತಿದ್ದೆ. ನಾಲ್ಕು ವರ್ಷ ನನಗೊಬ್ಬಳಿಗೇ ಮಾತ್ರೆ, ನನಗೊಬ್ಬಳಿಗೇ ಸ್ಕ್ಯಾನಿಂಗ್, ನನಗೊಬ್ಬಳಿಗೇ ಕಷಾಯ. ಪಾಠ ಹೇಳುವವಳಿಗೇ ಅವರನ್ನು "ನೀವೂ ಬನ್ನಿ" ಅಂತ ಕರೆಯುವ ಧೈರ್ಯ ಬರಲಿಲ್ಲ. ನಾನು ಕರೆಯಲಿಲ್ಲ, ಅವರಾಗಿ ಬರಲಿಲ್ಲ. ಆ ನಾಲ್ಕು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಬೇರೆ ಡಾಕ್ಟರೊಬ್ಬರು, "ಮೊದಲು ಯಜಮಾನರ ರಿಪೋರ್ಟ್ ತನ್ನಿ, ಆಮೇಲೆ ನಿಮ್ಮದು ನೋಡೋಣ" ಅಂತ ಫೈಲು ಮುಚ್ಚಿ ಕಳಿಸಿದರು. ಸೀಮೆನ್ ಅನಾಲಿಸಿಸ್, ಅಂದರೆ ವೀರ್ಯ ಪರೀಕ್ಷೆ. ಹೆಸರು ಬರೆದ ಚೀಟಿಯನ್ನು ಇವರು ನಾಲ್ಕು ಮಡಿಕೆ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಹೋಗಲು ಎರಡು ತಿಂಗಳು ಬೇಕಾಯಿತು.

ಲ್ಯಾಬಿನವರು ಹೇಳಿದ್ದು ಹೀಗೆ: ಎರಡರಿಂದ ಏಳು ದಿನ ಕೂಡದೆ ಇದ್ದು ಸ್ಯಾಂಪಲ್ ಕೊಡಬೇಕು, ಒಂದು ಗಂಟೆಯೊಳಗೆ ತಲುಪಬೇಕು, ತಣ್ಣಗಾಗಬಾರದು. ಹೊಸನಗರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲೇ ಎರಡು ಗಂಟೆ ದಾರಿ. ಲ್ಯಾಬಿನಲ್ಲೇ ಕೊಡೋಣ ಅಂದರೆ ಅಲ್ಲಿದ್ದದ್ದು ಎಲ್ಲರೂ ಬಳಸುವ ಒಂದು ಬಾತ್‌ರೂಮು. ಚಿಲಕ ಸರಿ ಕೂರುತ್ತಿರಲಿಲ್ಲ, ಹೊರಗೆ ಕ್ಯೂ. ಇವರು ಒಳಗೆ ಹೋಗಿ ಹಾಗೇ ವಾಪಸ್ ಬಂದರು. ಮುಖ ನೋಡಲು ಆಗಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಲಾಡ್ಜಿನಲ್ಲಿ ರೂಮು ಮಾಡಿದೆವು. ಲಗೇಜು ಇಲ್ಲದೆ ಹಗಲು ಹೊತ್ತಿನಲ್ಲಿ ರೂಮು ಕೇಳಿದ ಗಂಡ ಹೆಂಡತಿಯನ್ನು ಕೌಂಟರಿನಲ್ಲಿದ್ದವನು ಹೇಗೆ ನೋಡಿದ ಅಂತ ನಾನು ಬರೆಯುವುದಿಲ್ಲ. ಜುಲೈ ತಿಂಗಳು, ಮಳೆ ಹೊಯ್ಯುತ್ತಿತ್ತು. ಡಬ್ಬಿಯನ್ನು ಬನಿಯನ್ನಿನ ಒಳಗೆ ಹೊಟ್ಟೆಗೆ ಒತ್ತಿ ಹಿಡಿದು ಆಟೋದಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಒಂದೇ ಒಂದು ಮಾತು ಆಡಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ, "ಸೀಮೆನ್ ಯಾರದ್ದು?" ಅಂತ ಹತ್ತು ಜನರ ಮುಂದೆ ಕೂಗಿದಳು.

ರಿಪೋರ್ಟಿನಲ್ಲಿ ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇತ್ತು. ಇನ್ನೊಂದು ಸಲ ಮಾಡಿಸಿದಾಗಲೂ ಹಾಗೆಯೇ. ಕಾರಣ ವೆರಿಕೋಸೀಲ್, ಅಂದರೆ ವೃಷಣದ ಮೇಲಿನ ರಕ್ತನಾಳಗಳು ಊದಿಕೊಳ್ಳುವುದು. ನೂರರಲ್ಲಿ ಸುಮಾರು ಹದಿನೈದು ಗಂಡಸರಿಗೆ ಇರುತ್ತದೆ. ಎಷ್ಟೋ ಜನಕ್ಕೆ ತೊಂದರೆಯೂ ಆಗುವುದಿಲ್ಲ, ಎಲ್ಲರಿಗೂ ಆಪರೇಷನ್ ಬೇಕಾಗುವುದೂ ಇಲ್ಲ. ಇವರಿಗೆ ಬೇಕಾಯಿತು, ಸಣ್ಣದೇ. ಒಂದು ವರ್ಷ ದಾಟಿದ ಮೇಲೆ ನಾನು ಬಸುರಿಯಾದೆ. ಮಗಳು ಈಗ ಒಂಬತ್ತನೇ ಕ್ಲಾಸು.

ರಿಪೋರ್ಟ್ ಬಂದ ದಿನ ರಾತ್ರಿ ಅತ್ತೆ ಅಡುಗೆಮನೆಗೆ ಬಂದು ಡಾಕ್ಟರು ಎಂತ ಹೇಳಿದರು ಅಂತ ಕೇಳಿದರು. "ನನ್ನದೇ ಸ್ವಲ್ಪ ತೊಂದರೆ ಇದೆ ಅತ್ತೆ, ಸರಿ ಹೋಗುತ್ತದಂತೆ" ಅಂದೆ. ಇವರು ಬಾಗಿಲ ಹತ್ತಿರವೇ ನಿಂತಿದ್ದರು. ಸುಮ್ಮನಿದ್ದರು. ಅತ್ತೆ ತೀರಿಕೊಳ್ಳುವ ತನಕ ಅದೇ ನಂಬಿದ್ದರು. ಆ ಸುಳ್ಳು ನಾನು ಹೇಳಬಾರದಿತ್ತು. ಇವರು ನನಗೆ ಹೇಳಲು ಬಿಡಬಾರದಿತ್ತು. ಇಬ್ಬರಿಗೂ ಅದು ಇನ್ನೂ ಚುಚ್ಚುತ್ತದೆ.

"ಗಟ್ಟಿ ಇದ್ದಾರೆ" ಅನ್ನುವ ಮಾತಿಗೆ ಬರುತ್ತೇನೆ. ಇವರೂ ಗಟ್ಟಿ ಇದ್ದರು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವಷ್ಟು. ಗಂಡಸಿನ ಶಕ್ತಿ ಬೇರೆ, ವೀರ್ಯಾಣುಗಳ ಲೆಕ್ಕ ಬೇರೆ. ಮೀಸೆ ನೋಡಿ ಗೊತ್ತಾಗುವುದಿಲ್ಲ, ಹಾಸಿಗೆಯಲ್ಲಿ ಗೊತ್ತಾಗುವುದಿಲ್ಲ, ಕಣ್ಣಿಗೆ ನೋಡಿದರೂ ಗೊತ್ತಾಗುವುದಿಲ್ಲ. ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ರಿಪೋರ್ಟ್ ಕೆಟ್ಟದ್ದು ಬಂದ ಮಾತ್ರಕ್ಕೆ ಗಂಡಸುತನ ಹೋಯಿತು ಅಂತ ತಲೆ ತಗ್ಗಿಸಬೇಕಾಗಿಲ್ಲ. ಒಂದು ರಿಪೋರ್ಟ್ ನೋಡಿ ತೀರ್ಮಾನ ಮಾಡುವುದೂ ಬೇಡ. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿದಿರಬಹುದು.

ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಶ್ರಾವಣದಲ್ಲಿ ಗುಟ್ಕಾ, ಸಿಗರೇಟು, ಕವಳದ ಹೊಗೆಸೊಪ್ಪು ಬಿಟ್ಟರೆ ಅದರ ಫಲ ಕಾಣುವುದು ದೀಪಾವಳಿ ಹೊತ್ತಿಗೆ. ಹಾಗಾಗಿ ಹೆಂಡತಿಗೆ ಬೆಲ್ಲ ತಿನ್ನು, ಎಳ್ಳು ಬಿಡು ಅಂತ ಹೇಳುವ ಮೊದಲು ಜೇಬಿನಲ್ಲಿರುವ ಪೊಟ್ಟಣ ಒಲೆಗೆ ಹಾಕಿ. ಕುಡಿಯುವುದು ಕಡಿಮೆ ಮಾಡಿ. ವೃಷಣಕ್ಕೆ ಮೈಗಿಂತ ಸ್ವಲ್ಪ ತಂಪು ಬೇಕು, ಅದಕ್ಕೇ ಅದು ಹೊರಗಿರುವುದು. ಲ್ಯಾಪ್‌ಟಾಪ್ ತೊಡೆಯಿಂದ ಇಳಿಸಿ ಮೇಜಿನ ಮೇಲೆ ಇಡಿ. ಜಿಮ್ಮಿನಲ್ಲಿ ಯಾರೋ ಕೊಡುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹತ್ತಿರವೂ ಹೋಗಬೇಡಿ. ಅದು ಮೈ ಕಟ್ಟಿಸಬಹುದು, ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತದೆ.

ದಿನದ ಲೆಕ್ಕವೂ ಇಬ್ಬರಿಗೂ ಗೊತ್ತಿರಬೇಕು. ಅಂಡ ಬಿಡುಗಡೆಯಾದ ಮೇಲೆ ಬದುಕಿರುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ಮೈಯಲ್ಲಿ ಐದು ದಿನದ ತನಕ ಇರಬಲ್ಲದು. ಅಂದರೆ ತಿಂಗಳಲ್ಲಿ ಸಿಗುವುದು ಸುಮಾರು ಆರು ದಿನ. ಅದರಲ್ಲೂ ಅಂಡ ಬಿಡುವ ದಿನ ಮತ್ತು ಅದರ ಹಿಂದಿನ ಎರಡು ದಿನ ಮುಖ್ಯ. ಎಲ್ಲರಿಗೂ ಹದಿನಾಲ್ಕನೇ ದಿನ ಅಂತ ತಲೆಯಲ್ಲಿ ಕೂತಿದೆ, ಅದು ತಪ್ಪು. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಅನ್ನುವುದು ಸರಿ. 35 ದಿನಕ್ಕೆ ಮುಟ್ಟಾಗುವವಳಿಗೆ ಅದು 21ನೇ ದಿನದ ಹತ್ತಿರ ಬರುತ್ತದೆ. ಆ ದಿನಗಳಲ್ಲಿ ಬಿಳಿ ಸ್ರಾವ ಮೊಟ್ಟೆಯ ಬಿಳಿಯ ಹಾಗೆ ತೆಳ್ಳಗೆ, ಎಳೆ ಎಳೆಯಾಗಿ ಇರುತ್ತದೆ. ದಿನ ಬಿಟ್ಟು ದಿನ ಕೂಡಿದರೆ ಸಾಕು. ಆಮೇಲೆ ಕಾಲು ಗೋಡೆಗೆ ಎತ್ತಿ ಮಲಗುವುದು, ಮಗ್ಗುಲು ಬದಲಿಸದೆ ಇರುವುದು ಯಾವುದೂ ಬೇಕಾಗಿಲ್ಲ.

ನಮ್ಮ ಊರುಗಳಲ್ಲಿ ಗಂಡ ಬೆಂಗಳೂರು, ಹೆಂಡತಿ ಇಲ್ಲಿ ಅನ್ನುವ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ತಿಂಗಳಿಗೆ ಎರಡು ಸಲ ತಾಳಗುಪ್ಪ ರೈಲಿನಲ್ಲಿ ಬಂದು ಭಾನುವಾರ ರಾತ್ರಿ ಅದೇ ರೈಲು ಹತ್ತುವವನಿಗೆ ಆ ಆರು ದಿನ ಸಿಗದೇ ಹೋಗಬಹುದು. ವರ್ಷಪೂರ್ತಿ ಸಿಗದೇ ಹೋಗಬಹುದು. ಅದಕ್ಕೂ ಪಪ್ಪಾಯಿ ತಿಂದೆಯಾ ಅಂತ ಅವಳನ್ನೇ ಕೇಳುತ್ತಾರೆ!

ಹೆಣ್ಣುಮಕ್ಕಳಿಗೆ ನಾನು ಹೇಳುವುದು ಮುಖ್ಯವಾಗಿ ಒಂದು. ಮಗು ಬೇಕು ಅಂತ ಯೋಚಿಸಿದ ದಿನದಿಂದಲೇ ಫೋಲಿಕ್ ಆ್ಯಸಿಡ್ ಮಾತ್ರೆ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮಿದುಳು, ಬೆನ್ನುಹುರಿಗೆ ಆಕಾರ ಬರುವುದು ಮೊದಲ ನಾಲ್ಕು ವಾರದಲ್ಲಿ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಅದು ಮುಗಿದಿರುತ್ತದೆ. ಥೈರಾಯ್ಡ್, ಶುಗರ್ ನೋಡಿಸಿಕೊಳ್ಳಿ. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡು ಮುಟ್ಟು ಏರುಪೇರಾಗುವ ತೊಂದರೆ) ಇದ್ದು ತೂಕ ಜಾಸ್ತಿ ಇದ್ದರೆ ನೂರಕ್ಕೆ ಐದರಷ್ಟು ಇಳಿದರೂ ಎಷ್ಟೋ ಜನಕ್ಕೆ ಮುಟ್ಟು ಸರಿಯಾಗುತ್ತದೆ.

ಹೊಸದಾಗಿ ಮದುವೆಯಾದವರು ಇದನ್ನು ಓದಿ ಹೆದರಬೇಡಿ. ಒಂದು ವರ್ಷದೊಳಗೆ ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಜೋಡಿಗಳಿಗೆ ತಾನಾಗಿಯೇ ಆಗುತ್ತದೆ. ವರ್ಷ ಕಳೆದರೂ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ಏರುಪೇರು ಇದ್ದರೆ ಅಷ್ಟೂ ಕಾಯಬೇಡಿ. ಹೋಗುವಾಗ ಇಬ್ಬರೂ ಹೋಗಿ.

ಮೊನ್ನೆ ಅಲ್ಲೇ ನನ್ನ ದೊಡ್ಡಮ್ಮನ ಹತ್ತಿರ ಈ ಮಾತು ಎತ್ತಿದ್ದಕ್ಕೆ, "ಹಿರಿಯರು ಪ್ರೀತಿಗೆ ಕೇಳ್ತಾರೆ, ನೀ ಎಂತಕ್ಕೆ ಇಷ್ಟು ಸಿಡುಕ್ತೀಯೇ?" ಅಂದರು. ಪ್ರೀತಿ ಇರಬಹುದು. ಆ ಪ್ರೀತಿಯ ಅರ್ಧವನ್ನು ಆ ಹುಡುಗನ ಎದುರೂ ತೋರಿಸಿ ದೊಡ್ಡಮ್ಮ, ಟೆಸ್ಟ್ ಮಾಡಿಸಿದೆಯಾ ಅಂತ ಒಂದು ಸಲ ಕೇಳಿ. ಹೆಣ್ಣಿನ ವಯಸ್ಸು ಮುಖ್ಯ ಅಲ್ವಾ ಅಂತ ಇನ್ನೊಬ್ಬರು ಅಂದರು. ಹೌದು, ಮುಖ್ಯ. ಅದಕ್ಕೇ ನನ್ನ ಹಾಗೆ ಅವಳ ನಾಲ್ಕು ವರ್ಷವೂ ಹಾಳಾಗಲು ಬಿಡಬೇಡಿ ಅನ್ನುತ್ತಿರುವುದು. ಹರಕೆ ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಕಟ್ಟಿಕೊಂಡವಳು. ಕುಕ್ಕೆಗೆ ಹೋಗುವ ಹಾಗೆ ಲ್ಯಾಬಿಗೂ ಒಂದು ದಿನ ಹೋಗಿ ಬನ್ನಿ.

ಗಂಡಸರಿಗೆ ನಾಚಿಕೆ, ಅದು ನಿಜ. ಆ ಆಟೋದಲ್ಲಿ ಪಕ್ಕದಲ್ಲೇ ಕೂತು ನೋಡಿದವಳು ನಾನು. ಅದಕ್ಕೇ ಈ ಕೊನೆಯ ಮಾತು. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯಿಂದ ಈ ಟೆಸ್ಟಿಗೆ ಅಂತ ಶಿವಮೊಗ್ಗಕ್ಕೆ ಬರುವವರು ನನ್ನ ಪರಿಚಯದವರಾದರೆ ಲಾಡ್ಜ್ ಹುಡುಕಬೇಡಿ. ಹಿಂದಿನ ದಿನ ಒಂದು ಮೆಸೇಜ್ ಹಾಕಿ, ಕಾರಣ ಬರೆಯಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಕೆಲಸಕ್ಕೆ, ಮಗಳು ಸ್ಕೂಲಿಗೆ. ಕೀ ಕೊಟ್ಟು ಹೋಗುತ್ತೇವೆ. ನಮ್ಮ ಮನೆಯಿಂದ ಲ್ಯಾಬಿಗೆ ಆಟೋದಲ್ಲಿ ಹತ್ತು ನಿಮಿಷ.