ಹೋಂವರ್ಕ್ ಮಾಡುವಾಗ ಪಕ್ಕದಲ್ಲಿ ಯಾರಿರಬೇಕು?

ಒಬ್ಬ ಹುಡುಗಿಯ ನೋಟ್‌ಬುಕ್ ಇನ್ನೂ ನನ್ನ ಕಣ್ಣ ಮುಂದೆ ಇದೆ. ಹತ್ತು ಲೆಕ್ಕ. ಮುದ್ದಾದ ಅಕ್ಷರ, ಪ್ರತಿ ಉತ್ತರದ ಕೆಳಗೂ ಸ್ಕೇಲ್ ಇಟ್ಟು ಎಳೆದ ಗೆರೆ. ಹತ್ತೂ ತಪ್ಪು, ಅದೂ ಒಂದೇ ತಪ್ಪು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಅಂತ ಬರೆದುಕೊಂಡು ಹೋಗಿದ್ದಳು. ಹಿಂದಿನ ದಿನ ಬೋರ್ಡ್ ಮೇಲೆ ನಾನೇ ಬಿಡಿಸಿ ತೋರಿಸಿದ್ದೆ. ಅರ್ಥ ಆಯ್ತಾ ಅಂದಾಗ ತಲೆ ಆಡಿಸಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿ ಬಂದಿದ್ದಳು.

ಪಕ್ಕದಲ್ಲಿ ಕೂತು "3, 4 ಹಾಕಿ ನೋಡು" ಅಂದೆ. 7ರ ವರ್ಗ 49. 9ಕ್ಕೆ 16 ಕೂಡಿದರೆ 25. ಪೆನ್ನು ನಿಂತಿತು. "ಮಿಸ್, ಉಳಿದ 24 ಎಲ್ಲಿ ಹೋಯ್ತು?" ಒಂದು ಚೌಕ ಬರೆದು ಭಾಗ ಮಾಡು ಅಂದೆ. ಮೂಲೆಯಲ್ಲಿ ಎರಡು ಆಯತ ಸಿಕ್ಕವು, ಒಂದೊಂದೂ 12. ಎಲ್ಲ ಸೇರಿ ಐದು ನಿಮಿಷ ಹಿಡಿಯಿತು, ಅಷ್ಟೇ.

ಪಾಠ ಮನೆಯಲ್ಲಿ, ಹೋಂವರ್ಕ್ ಕ್ಲಾಸಿನಲ್ಲಿ ಅನ್ನುವ ಫ್ಲಿಪ್ಡ್ ಕ್ಲಾಸ್‌ರೂಮ್ ನನಗೆ ಇಷ್ಟವಾಗುವುದು ಈ ಐದು ನಿಮಿಷಕ್ಕಾಗಿ. ಪಾಠ ಕೇಳುವುದನ್ನು ಮಗು ಒಂಟಿಯಾಗಿ ಮಾಡಬಹುದು. ಸಿಕ್ಕಿಹಾಕಿಕೊಳ್ಳುವುದು ಲೆಕ್ಕ ಬಿಡಿಸುವಾಗ. ಆ ಹೊತ್ತಿಗೇ ನಾವು ಅದನ್ನು ಮನೆಗೆ ಕಳಿಸಿಬಿಡುತ್ತೇವೆ, ಅಲ್ವಾ?

2007ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಟೀಚರ್‌ಗಳು ಕ್ಲಾಸ್ ತಪ್ಪಿಸಿಕೊಂಡ ಮಕ್ಕಳಿಗೆ ಅಂತ ಪಾಠ ರೆಕಾರ್ಡ್ ಮಾಡತೊಡಗಿದರು. ಆಮೇಲೆ ಅವರಿಗೆ ಹೊಳೆದದ್ದು ಇದೇ: ಪಾಠ ವಿಡಿಯೋದಲ್ಲಿದ್ದರೆ ಕ್ಲಾಸಿನ ಹೊತ್ತೆಲ್ಲ ಮಕ್ಕಳ ಜೊತೆ ಕೆಲಸ ಮಾಡಲು ಸಿಗುತ್ತದೆ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಕಲಿಸುವ ಎರಿಕ್ ಮಜೂರ್ 1990ರ ದಶಕದಿಂದಲೇ ಇಂಥದ್ದನ್ನು ಮಾಡುತ್ತಿದ್ದರು, ವಿಡಿಯೋ ಇಲ್ಲದೆ. ಮೊದಲೇ ಓದಿಕೊಂಡು ಬನ್ನಿ ಅನ್ನುತ್ತಿದ್ದರು. ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೊಟ್ಟು, ಪ್ರತಿಯೊಬ್ಬರೂ ಉತ್ತರ ಆರಿಸಿದ ಮೇಲೆ, ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಆರಿಸಿ ಅನ್ನುತ್ತಿದ್ದರು.

ಹಾಗಾಗಿ ವಿಡಿಯೋ ಸ್ಟುಡಿಯೋಗೆ ದುಡ್ಡು ಸುರಿಯುವುದನ್ನು ನೋಡಿದರೆ ಬೇಜಾರಾಗುತ್ತದೆ. ವಿಡಿಯೋ ಕಳಿಸಿ, ಮರುದಿನ ಕ್ಲಾಸಿನಲ್ಲಿ ಅದೇ ಪಾಠವನ್ನು ಮತ್ತೆ ಹೇಳಿದರೆ ಏನು ಬಂತು? ನೋಡಿ ಬಂದವರಿಗೆ ಅದು ಶಿಕ್ಷೆ. ಮುಂದಿನ ವಾರ ಅವರೂ ನೋಡುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಗಣಿತದಲ್ಲಿ ಸ್ವಲ್ಪ ಕಾಲ ಲಾಭ ಕಂಡಿತು, ಎಕನಾಮಿಕ್ಸ್‌ನಲ್ಲಿ ಇಲ್ಲ. ಮುಂದಿದ್ದವರಿಗೂ ಹಿಂದಿದ್ದವರಿಗೂ ನಡುವಿನ ಅಂತರ ಜಾಸ್ತಿಯಾಯಿತು. ಇದು ನನ್ನನ್ನು ಕಾಡುತ್ತದೆ. ಮನೆಯಲ್ಲಿ ಒಂದೇ ಫೋನ್ ಇರುವ ಮಗು, ಕೂತು ನೋಡಲು ಒಂದು ಮೂಲೆಯೂ ಸಿಗದ ಮಗು, ಕ್ಲಾಸಿಗೆ ಬರುವ ಮೊದಲೇ ಹಿಂದೆ ಬಿದ್ದಿರುತ್ತದೆ.

ಅದಕ್ಕೇ ನಾನು ವಿಡಿಯೋವನ್ನು ಆರು ನಿಮಿಷ ದಾಟಲು ಬಿಡುವುದಿಲ್ಲ. ಜೊತೆಗೆ ಒಂದು ಪುಟದ ಟಿಪ್ಪಣಿಯನ್ನೂ ಕಾಗದದಲ್ಲೇ ಕೊಡುತ್ತೇನೆ. ನೋಡದೆ ಬಂದವರನ್ನು ಬೈಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಮೊದಲ ಹತ್ತು ನಿಮಿಷ ಅದನ್ನು ಓದುತ್ತಾರೆ. ಬಾಗಿಲಲ್ಲಿ ಎಲ್ಲರೂ ಒಂದೊಂದು ಚೀಟಿ ಕೊಟ್ಟು ಒಳಗೆ ಬರಬೇಕು, ಅದರಲ್ಲಿ ಒಂದು ಡೌಟ್ ಇರಬೇಕು. "ಡೌಟ್ ಇಲ್ಲ" ಅಂತ ಬರೆದವರ ಪಕ್ಕ ನಾನು ಮೊದಲು ಹೋಗಿ ಕೂರುತ್ತೇನೆ.