ಎರಡು ಸಮುದ್ರ, ಒಂದು ಗಟಾರ

ಕಳೆದ ಭಾನುವಾರ ನಮ್ಮ ಓಣಿಯವರೆಲ್ಲ ಸಭೆ ಸೇರಿದ್ದೆವು. ಗಟಾರ ದುರಸ್ತಿ ಬಹಳ ಮುಂದಿನ ಮಾತು. ಮಳೆನೀರು ಏಕೆ ನಿಲ್ಲುತ್ತದೆ ಎಂಬುದರ ಅಧ್ಯಯನವನ್ನಾದರೂ ಮಾಡಿಸಬೇಕೋ ಬೇಡವೋ ಎಂಬುದಷ್ಟೇ ಅಂದಿನ ವಿಷಯ. ಎರಡೂವರೆ ತಾಸು ನಡೆಯಿತು. ಮಿರ್ಚಿ ಆಯಿತು, ಚುರುಮುರಿ ಆಯಿತು, ಎರಡು ಸುತ್ತು ಚಹಾ ಆಯಿತು. ನಿರ್ಣಯ ಆಗಲಿಲ್ಲ.

ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಯಬೇಕಾದರೆ ಮೂಲೆಯ ಹಿಟ್ಟಿನ ಗಿರಣಿಗೆ ಹೋದರೆ ಸಾಕು. ಗಿರಣಿಯವರು ನನ್ನ ಕಣ್ಣೆದುರೇ ಮೂರು ಸಲ ಹೊಸ್ತಿಲು ಎತ್ತರಿಸಿದ್ದಾರೆ. ರಸ್ತೆಗೆ ಡಾಂಬರು ಬಿದ್ದಾಗ ಒಮ್ಮೆ, ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಕಾಂಕ್ರೀಟ್ ಸುರಿದಾಗ ಒಮ್ಮೆ, ಆ ಕಾಂಕ್ರೀಟಿಗಿಂತ ಗೇಣುದ್ದ ಮೇಲೆ ಗಟಾರದ ಗೋಡೆ ಎದ್ದಾಗ ಮತ್ತೊಮ್ಮೆ. ಹೊಸ್ತಿಲು ಏರಿತು, ಬಾಗಿಲಿನ ಚೌಕಟ್ಟು ಇದ್ದಲ್ಲಿಯೇ ಉಳಿಯಿತು. ಈಗ ಜೋಳದ ಡಬ್ಬಿ ಹಿಡಿದು, ಗರ್ಭಗುಡಿ ಹೊಕ್ಕಂತೆ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಹಿಟ್ಟು ಹಾರಿ ಬೆಳ್ಳಗಾದ ಗೋಡೆಯ ಮೇಲೆ ಒಂದರ ಮೇಲೊಂದು ಕೆಸರಿನ ಗೆರೆಗಳಿವೆ. ಟೆಂಡರ್ ಕರೆಯದೆ, ಮುಂಗಡ ಕೇಳದೆ, ಮಳೆರಾಯನೇ ಸರ್ವೆ ಮುಗಿಸಿ ನಕಾಶೆ ಬರೆದಿಟ್ಟು ಹೋಗಿದ್ದಾನೆ.

ನಮ್ಮ ಗಟಾರ ಕಟ್ಟಿದವರನ್ನು ಮಾತ್ರ ಸನ್ಮಾನಿಸಲೇಬೇಕು. ರಸ್ತೆಗಿಂತ ಎತ್ತರದಲ್ಲಿ ಗಟಾರ ಕಟ್ಟುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಒಣಗಿರುವ ಜಾಗ ಅದೊಂದೇ. ನಾಯಿಗಳು ಅಲ್ಲಿಯೇ ಮಲಗುತ್ತವೆ. ಇದೇ ಹುಬ್ಬಳ್ಳಿಯಲ್ಲಿ 1507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲಿಯೇ ಉದ್ದವಾದದ್ದು. ಅಷ್ಟುದ್ದ ಮಟ್ಟಸವಾಗಿ ಕಟ್ಟಲು ಬಂದ ಊರಿಗೆ ಮೂವತ್ತು ಮೀಟರ್ ಗಟಾರಕ್ಕೆ ಇಳಿಜಾರು ಕೊಡಲು ಏಕೆ ಬರುವುದಿಲ್ಲವೋ, ಅದು ಬೇಕಾದರೆ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಇನ್ನು ಧಾರವಾಡದ ಮಾತು ಬೇರೆ. ನಿಸರ್ಗ ಆ ಊರಿಗೆ ಯಾರಿಗೂ ಕೊಡದ ಸವಲತ್ತು ಕೊಟ್ಟಿದೆ. ಊರು ಕೂತಿರುವುದೇ ದಿಬ್ಬದ ನೆತ್ತಿಯ ಮೇಲೆ. ಪಡುವಣಕ್ಕೆ ಇಳಿದ ಹನಿ ಶಾಲ್ಮಲೆಯ ಕೈ ಹಿಡಿದು, ಬೇಡ್ತಿ, ಗಂಗಾವಳಿ ಎಂದು ಹೆಸರು ಬದಲಿಸುತ್ತ ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣಕ್ಕೆ ಇಳಿದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಎಂದು ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. (ಬೆಣ್ಣೆ, ತುಪ್ಪ ಎಂಬ ಹೆಸರು ಕೇಳಿ ಮೋಸ ಹೋಗಬೇಡಿ. ಈ ಹಳ್ಳಗಳು ಉಕ್ಕಿದಾಗ ಏನಾಗುತ್ತದೆಂದು ನವಲಗುಂದದ ರೈತರನ್ನು ಕೇಳಿ.) ಹೀಗೆ ಎರಡು ಸಮುದ್ರಗಳು ಕೈಬೀಸಿ ಕರೆಯುತ್ತಿದ್ದರೂ ಮಳೆನೀರು ಎರಡನ್ನೂ ಒಲ್ಲೆನೆಂದು ಟೋಲ್ ನಾಕಾದಲ್ಲಿ ಬಿಡಾರ ಹೂಡುತ್ತದೆ. ಅಲ್ಲಿ ಬಸ್ಸಿಗೆಂದೇ ಮೀಸಲಾದ ಪಥವಿದೆ, ಬಸ್ಸಿನ ಹೆಸರು ಚಿಗರಿ. ಚಿಗರಿ ಈಜುವುದನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ, ಒಂದು ದೊಡ್ಡ ಮಳೆ ಸಾಕು.

ಮರಳಿ ಸಭೆಗೆ. ಎಲ್ಲರೂ ಅಧ್ಯಯನದ ಪರವಾಗಿಯೇ ಮಾತನಾಡುತ್ತಿದ್ದರು. ಹಿಂದಿನ ಕುರ್ಚಿಯಲ್ಲಿದ್ದ ನಿವೃತ್ತ ಸರ್ವೇಯರ್ ಕಾಕಾ ಮೆಲ್ಲಗೆ ಎದ್ದು, ‘ಅಧ್ಯಯನ ಎಂದರೆ ಹಳೆಯ ಗ್ರಾಮ ನಕಾಶೆ ತೆಗೆಸಬೇಕಾಗುತ್ತದೆ. ಹಳ್ಳದ ಗೆರೆ ಎಲ್ಲಿತ್ತು, ಈಗ ಅದರ ಮೇಲೆ ಯಾರ ಕಾಂಪೌಂಡ್ ಇದೆ ಎಂಬುದೂ ಕಾಣುತ್ತದೆ’ ಎಂದರು. ಸಭೆ ತಣ್ಣಗಾಯಿತು. ಅಧ್ಯಯನಕ್ಕೆ ತುಂಬಾ ಖರ್ಚಾಗುತ್ತದೆ ಎಂದು ಒಬ್ಬರಿಗೆ ಅನ್ನಿಸಿತು. ಮೊದಲು ಶ್ರಾವಣ ಮುಗಿಯಲಿ ಎಂದರು ಇನ್ನೊಬ್ಬರು. ನಾನೂ ಬಾಯಿ ಮುಚ್ಚಿಕೊಂಡೆ. ನನ್ನ ಸ್ಕೂಟರ್ ಮನೆಯೊಳಗೆ ಹತ್ತುವ ಸಿಮೆಂಟಿನ ಇಳಿಜಾರು ಯಾವುದರ ಮೇಲೆ ಕೂತಿದೆ ಎಂಬುದು ನನಗೆ ಗೊತ್ತಿದೆ.

ನಗುವುದಕ್ಕೂ ಬೇಸರವಾಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಹಾವೇರಿಯಲ್ಲಿ ಮಳೆನೀರು ರಸ್ತೆಯನ್ನೂ ಚರಂಡಿಯನ್ನೂ ಒಂದು ಮಾಡಿದ್ದಾಗ ಬಾಲಕನೊಬ್ಬ ಚರಂಡಿಯಲ್ಲಿ ಕೊಚ್ಚಿಹೋಗಿ ಸತ್ತ. ಓದಿದಿರಿ, ನಾನೂ ಓದಿದೆ. ಎರಡು ದಿನ ಎಲ್ಲರೂ ಲೊಚಗುಟ್ಟಿದೆವು. ಚರಂಡಿಗೆ ಮುಚ್ಚಳ ಇರಬೇಕೆಂದು ತಿಳಿಯಲು ಯಾವ ತಜ್ಞ ಬರಬೇಕು? ಯಾವ ಸಮಿತಿ ಕೂರಬೇಕು? ಬೇಕಾದದ್ದು ನಾಲ್ಕು ಕಲ್ಲುಚಪ್ಪಡಿ. ಅವನ್ನು ಹಾಕಿಸುವ ಕೆಲಸಕ್ಕೆ ಸಂಬಳ ಪಡೆಯುವವರಿದ್ದಾರೆ.

ಇರಲಿ. ಸಭೆ ಮುಗಿಸಿ ಬರುವಾಗ ಗಿರಣಿಯ ಹಿಂದಿನ ನಾಲಾದ ಅಂಚಿನಲ್ಲಿ ಹೂಳಿನ ಗುಡ್ಡೆ ಕಂಡಿತು. ನಾಲ್ಕು ದಿನದ ಹಿಂದೆ ನಾಲ್ವರು ಎದೆಮಟ್ಟ ಇಳಿದು ಎತ್ತಿ ಹಾಕಿದ್ದು: ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು, ಕಳೆದ ವರ್ಷದ ಗಣಪತಿಯ ಒಂದು ಕೈ. ಲಾರಿ ಬಂದು ಒಯ್ಯುತ್ತದೆ ಎಂದಿದ್ದರು. ರಾತ್ರಿ ಹನ್ನೊಂದಕ್ಕೆ ಮಳೆ ಹಿಡಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಗುಡ್ಡೆ ಇರಲಿಲ್ಲ. ಲಾರಿ ಬಂದಿರಲಿಲ್ಲ.