ಮಗು ಬೇಕಾದ್ದನ್ನು ತಾನೇ ಎಳೆದುಕೊಳ್ಳುತ್ತದೆಯೇ? ಸತ್ಯಾಂಶ

‘ಬಸುರಿ ಕಡಿಮೆ ತಿಂದರೂ ಚಿಂತೆಯಿಲ್ಲ, ಮಗು ಬೇಕಾದ್ದನ್ನು ತಾಯಿಯ ಮೈಯಿಂದ ಎಳೆದುಕೊಳ್ಳುತ್ತದೆ’ ಎಂಬ ಮೆಸೇಜು ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ಅರ್ಧ ಮಾತ್ರ ನಿಜ. ಕ್ಯಾಲ್ಸಿಯಂ ಸಾಲದಿದ್ದರೆ ತಾಯಿಯ ಮೂಳೆಯಿಂದ ಸ್ವಲ್ಪ ಹೋಗುವುದು ಹೌದು. ಆದರೆ ಎಲ್ಲದಕ್ಕೂ ಮೈಯಲ್ಲಿ ಅಷ್ಟು ದಾಸ್ತಾನು ಇರುವುದಿಲ್ಲ.

1944-45ರ ಚಳಿಗಾಲ. ಎರಡನೇ ಮಹಾಯುದ್ಧದ ಕೊನೆ. ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಜರ್ಮನ್ನರು ಆಹಾರ ಸಾಗಣೆ ತಡೆದರು. ದಿನದ ರೇಷನ್ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆಗ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಸಂಶೋಧಕರು ದಶಕಗಳ ನಂತರ ಪರೀಕ್ಷಿಸಿದರು. ಸಕ್ಕರೆ ನಿಯಂತ್ರಣದ ತೊಂದರೆ ಅವರಲ್ಲಿ ಜಾಸ್ತಿ ಇತ್ತು. ಬರಗಾಲ ಗರ್ಭದ ಮೊದಲ ತಿಂಗಳುಗಳಲ್ಲೇ ತಟ್ಟಿದವರಲ್ಲಿ ಹೃದಯದ ಕಾಯಿಲೆಯೂ ಹೆಚ್ಚು. ವಿಚಿತ್ರ ಅಂದರೆ, ಇವರಲ್ಲಿ ಹಲವರು ಹುಟ್ಟುವಾಗ ಸರಿಯಾದ ತೂಕವೇ ಇದ್ದರು! 2008ರಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನ್‌ ಮೇಲಿನ ರಾಸಾಯನಿಕ ಗುರುತುಗಳು (ಜೀನ್ ಎಷ್ಟು ಕೆಲಸ ಮಾಡಬೇಕೆಂದು ತಿಳಿಸುವ ಸ್ವಿಚ್ಚಿನಂಥವು) ಆರು ದಶಕದ ನಂತರವೂ ಬೇರೆಯಾಗಿದ್ದವು. ಜೀನ್ ಅದೇ, ಸ್ವಿಚ್ಚು ಬೇರೆ.

ಬಸುರಿಯ ಹಸಿವು ಅವಳ ಮೊಮ್ಮಕ್ಕಳಿಗೂ ತಟ್ಟುತ್ತದೆ ಎಂಬ ಮಾತೂ ಇದೆ. ಅದು ಎಲ್ಲಿಂದ ಬಂತು? ಹೆಣ್ಣು ಮಗುವಿನ ಅಂಡಾಣುಗಳು ಅದು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಅಂದರೆ ಮುಂದೆ ಮೊಮ್ಮಗುವಾಗುವ ಅಂಡಾಣುವೂ ಅಜ್ಜಿಯ ಹೊಟ್ಟೆಯಲ್ಲೇ ರೂಪುಗೊಂಡಿರುತ್ತದೆ. ಹಾಗಂತ ಮೊಮ್ಮಗನ ಸಕ್ಕರೆ ಕಾಯಿಲೆಗೆ ಅಜ್ಜಿಯನ್ನು ದೂರಬೇಡಿ. ಮನುಷ್ಯರಲ್ಲಿ ಮೂರನೇ ತಲೆಮಾರಿನ ಪುರಾವೆ ಇನ್ನೂ ತೆಳು.

ಫೋಲಿಕ್ ಆಮ್ಲ ಎಂಬ ವಿಟಮಿನ್ನಿನ ವಿಷಯ ಮಾತ್ರ ಖಚಿತ. ಮಗುವಿನ ಮೆದುಳು, ಬೆನ್ನುಹುರಿಯಾಗುವ ಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ಇದು ಬೇಕು; ಆ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನದಲ್ಲೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗ ಬಸುರಿ ಅಂತಲೇ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ಶುರುಮಾಡಲು ವೈದ್ಯರು ಹೇಳುವುದು.